ಸೀನು ಬರುವ ಮುಂಚೆ ಹಾಕುವ ತೊಟ್ಟು



ಮುಂಗಾರು ಬಿದ್ದು ಒಂದು ತಿಂಗಳಾಗಿದೆ ಅನ್ನಿ. ಹೊಲದ ಬದುವಿನ ಮೇಲೆ, ಕೊಟ್ಟಿಗೆಯ ಹಿಂದೆ, ಕೆರೆ ಏರಿಯ ಮೇಲೆ, ಶಾಲೆಯ ಬಯಲಿನಲ್ಲಿ ನುಚ್ಚಕ್ಕಿ ಚೆಲ್ಲಿದ ಹಾಗೆ ಬಿಳಿಯ ಸಣ್ಣ ಹೂ ಅರಳಿ ನಿಂತಿರುತ್ತದೆ. ಅದೇ ಹೊತ್ತಿಗೆ ಮನೆಯ ಯಜಮಾನ ಬೆಳಿಗ್ಗೆ ಎದ್ದವನೇ ಸೀನತೊಡಗುತ್ತಾನೆ. ಒಂದಲ್ಲ ಎರಡಲ್ಲ, ಹತ್ತು ಹದಿನೈದು ಸೀನು. ಮೂಗಿನಿಂದ ತಿಳಿನೀರು ಧಾರೆಯಾಗಿ ಸೋರುತ್ತದೆ. ಅಂಗುಳು ಕಡಿಯುತ್ತದೆ. ಕಣ್ಣು ಕೆಂಪಗಾಗಿ, ಉಜ್ಜಿದಷ್ಟೂ ನವೆ ಹೆಚ್ಚುತ್ತದೆ. ಹುಡುಗನೂ ಹಾಗೆಯೇ ಕಣ್ಣುಜ್ಜಿಕೊಳ್ಳುತ್ತಾ ಶಾಲೆಗೆ ಹೋಗುತ್ತಾನೆ. ‘ಶೀತ ಆಗಿದೆ ಬಿಡಿ, ನಾಲ್ಕು ದಿನಕ್ಕೆ ಹೋಗುತ್ತೆ’ ಅಂತ ಅಜ್ಜಿ ಮೆಣಸಿನ ಕಷಾಯ ಮಾಡಿಕೊಡುತ್ತಾಳೆ. ನಾಲ್ಕು ದಿನವಲ್ಲ, ನಾಲ್ಕು ವಾರವಾದರೂ ಅದು ಹೋಗುವುದಿಲ್ಲ. ಜ್ವರವಿಲ್ಲ, ಮೈಕೈ ನೋವಿಲ್ಲ, ಆದರೆ ಸೀನು ಮಾತ್ರ ನಿಲ್ಲದು. ಹೋದ ವರ್ಷವೂ ಇದೇ ಕಾಲಕ್ಕೆ ಬಂದಿತ್ತಲ್ಲವೆ? ಅಲ್ಲಿಗೆ ಇದು ಶೀತವಲ್ಲ, ಒಗ್ಗದಿಕೆ. ಡಾಕ್ಟರು ಇದನ್ನು ಅಲರ್ಜಿ ಎನ್ನುತ್ತಾರೆ.

ಆ ಬಿಳಿ ಹೂವಿನ ಗಿಡದ ಹೆಸರು ಪಾರ್ಥೇನಿಯಂ. ನಮ್ಮ ಕಡೆ ಕಾಂಗ್ರೆಸ್ ಕಳೆ, ಕಾಂಗ್ರೆಸ್ ಹುಲ್ಲು ಎನ್ನುತ್ತೇವೆ. ಇದು ಈ ನೆಲದ ಗಿಡವಲ್ಲ. ಅಮೆರಿಕ ಖಂಡದ ಬಿಸಿ ಸೀಮೆಯದು. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯ ಬಳಿ ಕಂಡು, 1956ರಲ್ಲಿ ಸಸ್ಯಶಾಸ್ತ್ರಜ್ಞರ ಬರಹಕ್ಕೆ ಬಂತು. ಹೊರದೇಶದ ಗೋಧಿಯ ಜೊತೆ ಬಂತೆಂದು ಜನ ಹೇಳುವುದುಂಟು. ಹೇಗಾದರೂ ಬರಲಿ, ಬಂದದ್ದು ಹೋಗಲಿಲ್ಲ. ಒಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಹೂವಿನ ಹುಡಿಯಂತೂ ಲೆಕ್ಕಕ್ಕೆ ಸಿಕ್ಕುವಂಥದಲ್ಲ. ಆ ಹುಡಿ ಗಾಳಿಯಲ್ಲಿ ತೇಲಿ ಕಣ್ಣಿಗೂ ಮೂಗಿಗೂ ಸೇರುತ್ತದೆ. ಎಲ್ಲರಿಗೂ ಇದರಿಂದ ತೊಂದರೆಯಿಲ್ಲ. ಒಂದೇ ಹೊಲದಲ್ಲಿ ಕಳೆ ಕೀಳುವ ಹತ್ತು ಜನರಲ್ಲಿ ಎಂಟು ಜನಕ್ಕೆ ಏನೂ ಆಗದೆ ಇಬ್ಬರು ಮಾತ್ರ ಸೀನುತ್ತಾ ಕೂರಬಹುದು. ಅದು ಅವರ ಮೈಗುಣ, ಸೋಮಾರಿತನವಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕೂಲಿಗೆ ಬಂದ ಹೆಣ್ಣುಮಗಳು ಕಣ್ಣೊರೆಸಿಕೊಳ್ಳುತ್ತಾ ನಿಂತರೆ ಕೆಲಸಗಳ್ಳಿ ಎಂದು ಗದರುವವರನ್ನು ನಾನು ನೋಡಿದ್ದೇನೆ.

ಇನ್ನು ಕೆಲವರಿಗೆ ಕಾಂಗ್ರೆಸ್ ಕಳೆಯಲ್ಲ, ಬಳ್ಳಾರಿ ಜಾಲಿಯ ಹೂಹುಡಿ ಒಗ್ಗದು. ಕೆಲವರಿಗೆ ಒಕ್ಕಣೆಯ ಧೂಳು. ಕೆಲವರಿಗೆ ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿ. ಯಾವುದೆಂದು ತಿಳಿಯಲು, ಯಾವ ತಿಂಗಳು, ಎಲ್ಲಿ ಹೋದಾಗ, ಏನು ಮುಟ್ಟಿದಾಗ ಶುರುವಾಗುತ್ತದೆ ಎಂಬುದನ್ನು ನೀವೇ ಗಮನಿಸಬೇಕು. ಆಸ್ಪತ್ರೆಯವರು ಮೊದಲು ಕೇಳುವುದೂ ಅದನ್ನೇ.

ಈಗ ತೊಟ್ಟಿನ ಔಷಧದ ವಿಷಯಕ್ಕೆ ಬರೋಣ. ‘ಕಣ್ಣಿಗೆ ಹಾಕಿದೆ ಸ್ವಾಮಿ, ಒಂದು ದಿನ ಎರಡು ದಿನ ನೋಡಿದೆ, ಏನೂ ಗುಣ ಕಾಣಲಿಲ್ಲ, ಸೀಸೆ ಎಸೆದೆ’ ಅನ್ನುವವರೇ ಹೆಚ್ಚು. ತಪ್ಪು ಔಷಧದ್ದಲ್ಲ, ಹಾಕಿದ ಕಾಲದ್ದು. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕಣ್ಣಿನ ಒಳಪೊರೆಯಲ್ಲಿ, ಮೂಗಿನ ಒಳಮೈಯಲ್ಲಿ ಮಾಸ್ಟ್ ಕೋಶ ಎಂಬ ಬಹು ಸಣ್ಣ ಕೋಶಗಳಿವೆ. ಒಂದೊಂದು ಕೋಶವೂ ಮೆಣಸಿನಕಾಯಿ ಪುಡಿ ತುಂಬಿ ಬಾಯಿ ಹೊಲಿದ ಚೀಲ ಎಂದು ತಿಳಿಯಿರಿ. ಒಳಗಿರುವ ಪುಡಿಯ ಹೆಸರು ಹಿಸ್ಟಮೀನ್. ಒಗ್ಗದ ಹೂಹುಡಿ ಬಂದು ತಗುಲಿದ ಕೂಡಲೆ ಚೀಲದ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಪುಡಿ ಚೆಲ್ಲುತ್ತದೆ. ಮೆಣಸಿನಕಾಯಿ ಚೀಲ ಒಡೆದ ಕೋಣೆಯಲ್ಲಿ ಏನಾಗುತ್ತದೋ ಅದೇ ಆಗುತ್ತದೆ: ಸೀನು, ನೀರು, ಉರಿ, ನವೆ. ತಡೆಯುವ ತೊಟ್ಟಿನ ಕೆಲಸ ಆ ಹೊಲಿಗೆಯನ್ನು ಭದ್ರ ಮಾಡುವುದು. ಪುಡಿ ಚೆಲ್ಲಿದ ಮೇಲೆ ಚೀಲಕ್ಕೆ ಹೊಲಿಗೆ ಹಾಕಿದರೆ ಚೆಲ್ಲಿದ್ದು ಹಿಂದಕ್ಕೆ ಹೋಗುತ್ತದೆಯೆ? ಅದಕ್ಕೇ ಈ ತೊಟ್ಟನ್ನು ಹೂಹುಡಿ ಬರುವ ಮುಂಚೆ ಹಾಕಬೇಕು. ದಿನವೂ ಹಾಕಬೇಕು. ಸೀನು ಇಲ್ಲದ ದಿನವೂ ಹಾಕಬೇಕು.

ಈ ಗುಣವುಳ್ಳ ಹಳೆಯ ಔಷಧ ಸೋಡಿಯಂ ಕ್ರೋಮೋಗ್ಲೈಕೇಟ್. ಇದು ಹುಟ್ಟಿದ ಕಥೆ ಕೇಳುವಂಥದು. ಈಜಿಪ್ಟಿನ ಕಡೆ ಖೆಲ್ಲಾ ಎಂಬ ಗಿಡವುಂಟು. ನಮ್ಮ ಓಮ, ಕೊತ್ತಂಬರಿಯ ಬಳಗದ್ದು. ಅದರ ಬೀಜವನ್ನು ಅಲ್ಲಿಯ ಜನ ಹಿಂದಿನಿಂದ ಹೊಟ್ಟೆ ಹಿಂಡುವ ನೋವಿಗೆ ಬಳಸುತ್ತಿದ್ದರು. ಆ ಬೀಜದ ಸತ್ವದ ಜಾಡು ಹಿಡಿದು ಇಂಗ್ಲೆಂಡಿನ ಪ್ರಯೋಗಶಾಲೆಯಲ್ಲಿ ಹೊಸ ಹೊಸ ಔಷಧ ತಯಾರಿಸಿ ನೋಡುತ್ತಿದ್ದರು. ಅಲ್ಲಿದ್ದ ಡಾಕ್ಟರು ರೋಜರ್ ಆಲ್ಟೂನ್ಯನ್. ಸಿರಿಯಾದ ಅಲೆಪ್ಪೊದಲ್ಲಿ 1922ರಲ್ಲಿ ಹುಟ್ಟಿದವರು. ಅವರಿಗೇ ಉಬ್ಬಸದ ಕಾಯಿಲೆ ಇತ್ತು. ತಮಗೆ ಒಗ್ಗದ ಪದಾರ್ಥವನ್ನು ತಾವೇ ಉಸಿರಿಗೆ ತೆಗೆದುಕೊಂಡು, ಬೇಕೆಂದೇ ಉಬ್ಬಸ ಬರಿಸಿಕೊಂಡು, ಒಂದೊಂದೇ ಔಷಧವನ್ನು ತಮ್ಮ ಮೇಲೆಯೇ ಪರೀಕ್ಷಿಸಿದರು. ಒಂದು ಸಲವಲ್ಲ, ನೂರಾರು ಸಲ. 1965ರಲ್ಲಿ ಈ ಕ್ರೋಮೋಗ್ಲೈಕೇಟ್ ಸಿಕ್ಕಿತು. ಅದು ಕೆಲಸ ಮಾಡುವುದು ಒಗ್ಗದ ಪದಾರ್ಥ ತಗುಲುವ ಮುಂಚೆ ತೆಗೆದುಕೊಂಡರೆ ಎಂಬುದನ್ನೂ ಆ ಪರೀಕ್ಷೆಗಳೇ ತೋರಿಸಿದವು. ಮೊದಲು ಉಬ್ಬಸಕ್ಕೆ ಬಂದ ಔಷಧ ಆಮೇಲೆ ಮೂಗಿಗೆ, ಕಣ್ಣಿಗೆ ಬಂತು.

ಕಣ್ಣಿಗೆ ಹಾಕುವ ಈ ತೊಟ್ಟು ಸಾಮಾನ್ಯವಾಗಿ ನೂರಕ್ಕೆ 2ರ ಬಲದ್ದು. ದಿನಕ್ಕೆ 4 ಸಲ, ಒಂದೊಂದು ಕಣ್ಣಿಗೆ ಒಂದು ಅಥವಾ ಎರಡು ತೊಟ್ಟು. ಪೂರ್ತಿ ಗುಣ ಕಾಣಲು ಕೆಲವು ದಿನ, ಒಮ್ಮೊಮ್ಮೆ ಎರಡು ವಾರವೇ ಹಿಡಿಯುತ್ತದೆ. ಹಾಕಿದಾಗ ಕ್ಷಣಕಾಲ ಚುರುಗುಟ್ಟುವುದುಂಟು, ಅದಕ್ಕೆ ಹೆದರಬೇಡಿ. ದಿನಕ್ಕೆ ನಾಲ್ಕು ಸಲ ನೆನಪಿಡುವುದು ಕಷ್ಟ ಎಂದರೆ, ಓಲೋಪಟಡೀನ್, ಕೀಟೋಟಿಫೆನ್ ಎಂಬ ಹೊಸ ತೊಟ್ಟುಗಳಿವೆ. ಇವು ಹೊಲಿಗೆಯನ್ನೂ ಭದ್ರ ಮಾಡುತ್ತವೆ, ಚೆಲ್ಲಿದ ಪುಡಿಯ ಉರಿಯನ್ನೂ ತಗ್ಗಿಸುತ್ತವೆ. ಹೆಚ್ಚಾಗಿ ದಿನಕ್ಕೆ ಎರಡೇ ಸಲ ಸಾಕು. ಯಾವುದು ನಿಮಗೆ ತಕ್ಕುದು ಎಂಬುದನ್ನು ಕಣ್ಣು ನೋಡಿದ ಡಾಕ್ಟರು ಹೇಳಲಿ. ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ಅಂಗಡಿಯವನ ಮಾತಿನ ಮೇಲೆ ಯಾವ ತೊಟ್ಟನ್ನೂ ಹಾಕಬೇಡಿ.

ಹಾಗಾದರೆ ಯಾವಾಗ ಶುರು ಮಾಡುವುದು? ನಿಮ್ಮ ಮನೆಯ ಗೋಡೆಗೆ ಪಂಚಾಂಗವೋ ಕ್ಯಾಲೆಂಡರೋ ತೂಗುಹಾಕಿರುತ್ತದೆ. ಈ ವರ್ಷ ಕಣ್ಣು ಮೂಗಿನ ಕಾಟ ಮೊದಲು ಕಂಡ ದಿನಕ್ಕೆ ಒಂದು ಗುರುತು ಹಾಕಿ. ನಿಂತ ದಿನಕ್ಕೆ ಇನ್ನೊಂದು ಗುರುತು. ಎರಡು ವರ್ಷ ಹೀಗೆ ಮಾಡಿದರೆ ನಿಮ್ಮ ಊರಿನ, ನಿಮ್ಮ ಮೈಯ ಲೆಕ್ಕ ಸಿಕ್ಕಿಬಿಡುತ್ತದೆ. ಮೊದಲ ಗುರುತಿನಿಂದ ಎರಡು ವಾರ ಹಿಂದಕ್ಕೆ ಎಣಿಸಿ; ಅಂದು ತೊಟ್ಟು ಶುರು. ಕಾಂಗ್ರೆಸ್ ಕಳೆ ಮೊಳೆತು ನಾಲ್ಕರಿಂದ ಆರು ವಾರದೊಳಗೆ ಹೂ ಬಿಡುವುದರಿಂದ, ಪುನರ್ವಸು ಮಳೆಯಲ್ಲಿ ಸೀನು ಹತ್ತುವವರು ಮೃಗಶಿರ ಮುಗಿದು ಆರಿದ್ರ ಹುಟ್ಟುವ ಹೊತ್ತಿಗೆ ಸೀಸೆ ತೆರೆದಿರಬೇಕು. ಬೀಜಗೊಬ್ಬರ ತರಲು ಪೇಟೆಗೆ ಹೋಗುತ್ತೀರಲ್ಲ, ಆಗಲೇ ಡಾಕ್ಟರನ್ನೂ ಕಂಡುಬಂದರೆ ಒಂದೇ ಬಸ್ಸಿನ ಖರ್ಚು.

ಮೂಗಿನ ಮಾತು ಸ್ವಲ್ಪ ಬೇರೆ. ಮೂಗಿಗೂ ಕ್ರೋಮೋಗ್ಲೈಕೇಟ್ ಉಂಟಾದರೂ, ಈಗಿನ ಡಾಕ್ಟರು ಹೆಚ್ಚಾಗಿ ಬರೆಯುವುದು ಸ್ಟೀರಾಯ್ಡ್ ಜಾತಿಯ ಸಿಂಪರಣೆ: ಫ್ಲೂಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್ ಮುಂತಾದವು. ಹೇಳಿದ ಅಳತೆಯಲ್ಲಿ ಹಾಕಿದರೆ ಮೂಗಿನ ಒಳಗೇ ಕೆಲಸ ಮಾಡುತ್ತವೆ, ಮೈಗೆ ಸೇರುವುದು ಅತಿ ಸ್ವಲ್ಪ. ಇವನ್ನೂ ದಿನ ಬಿಡದೆ ಹಾಕಬೇಕು, ಕಾಟ ಶುರುವಾಗುವ ಒಂದೆರಡು ವಾರ ಮುಂಚೆಯೇ ಹಾಕಬೇಕು. ಹಾಕುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗಿರಲಿ. ಸೀಸೆಯ ತುದಿ ಮೂಗಿನ ನಡುಗೋಡೆಯ ಕಡೆ ತಿರುಗಿರಬಾರದು, ಅದೇ ಪಕ್ಕದ ಕಿವಿಯ ಕಡೆ ನೋಡುತ್ತಿರಬೇಕು. ನಡುಗೋಡೆಗೇ ಬಡಿದರೆ ರಕ್ತ ಒಸರುವುದುಂಟು. ಬಲಗೈಯಲ್ಲಿ ಎಡಹೊಳ್ಳೆಗೆ, ಎಡಗೈಯಲ್ಲಿ ಬಲಹೊಳ್ಳೆಗೆ ಹಾಕಿಕೊಂಡರೆ ತುದಿ ತಾನಾಗಿ ಸರಿಯಾದ ಕಡೆ ತಿರುಗುತ್ತದೆ. ಹಾಕಿದ ಮೇಲೆ ನಶ್ಯ ಎಳೆದ ಹಾಗೆ ಜೋರಾಗಿ ಎಳೆಯಬೇಡಿ, ಔಷಧ ಗಂಟಲಿಗೆ ಹೋಗಿಬಿಡುತ್ತದೆ.

ಇಲ್ಲಿ ಒಂದು ಅಪಾಯದ ಮಾತು. ಅಂಗಡಿಯಲ್ಲಿ ‘ಮೂಗು ಕಟ್ಟಿದೆ, ಏನಾದರೂ ಕೊಡಪ್ಪಾ’ ಎಂದರೆ ಬೇರೊಂದು ಸೀಸೆ ಕೊಡುತ್ತಾರೆ. ಅದು ಕ್ಸೈಲೋಮೆಟಾಜೋಲಿನ್ ಅಥವಾ ಆಕ್ಸಿಮೆಟಾಜೋಲಿನ್. ಹಾಕಿದ ಐದೇ ನಿಮಿಷಕ್ಕೆ ಮೂಗು ಸಲೀಸು. ಎಂಥ ಔಷಧವಪ್ಪಾ ಎಂದು ಸಂತೋಷಪಟ್ಟು ದಿನವೂ ಹಾಕುತ್ತಾರೆ. ಐದಾರು ದಿನ ದಾಟಿದರೆ ಮೂಗು ಅದಕ್ಕೆ ಒಗ್ಗಿಕೊಂಡು, ತೊಟ್ಟು ಇಳಿದ ಕೂಡಲೆ ಮೊದಲಿಗಿಂತ ಹೆಚ್ಚಾಗಿ ಕಟ್ಟುತ್ತದೆ. ಮತ್ತೆ ಹಾಕು, ಮತ್ತೆ ಕಟ್ಟು. ತಿಂಗಳುಗಟ್ಟಲೆ ಜೇಬಿನಲ್ಲಿ ಸೀಸೆ ಇಲ್ಲದೆ ನಿದ್ದೆಯೇ ಬಾರದವರಿದ್ದಾರೆ. ಹೆಸರಿನ ಕೊನೆಯಲ್ಲಿ ‘ಜೋಲಿನ್’ ಎಂದಿದ್ದರೆ ಅದು ತಡೆಯುವ ಔಷಧವಲ್ಲ, ನಾಲ್ಕೈದು ದಿನದ ಪರಿಹಾರ ಮಾತ್ರ ಎಂದು ತಿಳಿಯಿರಿ. ರಕ್ತದೊತ್ತಡ, ಹೃದಯದ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಇದಕ್ಕಿಂತ ದೊಡ್ಡ ಅಪಾಯ ಕಣ್ಣಿನದು. ಮನೆಯಲ್ಲಿ ಎಂಟು ಹತ್ತು ವಯಸ್ಸಿನ ಹುಡುಗನಿದ್ದಾನೆ. ಬೇಸಿಗೆ ಬಂತೆಂದರೆ ಕಣ್ಣು ಕೆಂಪು, ತಡೆಯಲಾರದ ನವೆ, ನೂಲಿನಂಥ ಪಿಸುರು, ಬಿಸಿಲು ನೋಡಲಾರ. ಬಿಸಿ, ಒಣ ಸೀಮೆಗಳಲ್ಲಿ ಗಂಡುಮಕ್ಕಳಿಗೆ ಹೆಚ್ಚಾಗಿ ಬರುವ ಅಲರ್ಜಿ ಇದು. ಯಾವಾಗಲೋ ಒಮ್ಮೆ ಡಾಕ್ಟರು ಒಂದು ವಾರಕ್ಕೆಂದು ಸ್ಟೀರಾಯ್ಡ್ ತೊಟ್ಟು ಬರೆದುಕೊಟ್ಟಿದ್ದರು. ಹಾಕಿದ ಎರಡೇ ದಿನಕ್ಕೆ ಕಣ್ಣು ಹಾಲಿನಂತೆ ಬೆಳ್ಳಗಾಯಿತು. ಮನೆಯವರು ಖಾಲಿ ಸೀಸೆ ಕಾದಿಟ್ಟು, ಕೆಂಪಾದಾಗಲೆಲ್ಲ ಅಂಗಡಿಗೆ ಒಯ್ದು ತೋರಿಸಿ ಅದನ್ನೇ ತರುತ್ತಾರೆ. ವರ್ಷ ಎರಡು ವರ್ಷ ಹೀಗೇ ನಡೆಯುತ್ತದೆ. ಕಣ್ಣು ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ. ಒಳಗೆ ಮಾತ್ರ ಕಣ್ಣಿನ ಒತ್ತಡ ಏರುತ್ತಾ ನೋಟದ ನರ ಒಣಗುತ್ತಿರುತ್ತದೆ. ನೋವಿಲ್ಲ, ಉರಿಯಿಲ್ಲ. ಹಲಗೆಯ ಮೇಲೆ ಮೇಷ್ಟರು ಬರೆದದ್ದು ಕಾಣುತ್ತಿಲ್ಲ ಎಂದು ಹುಡುಗ ಹೇಳುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಇದೇ ಗ್ಲಾಕೋಮಾ. ಇದೇ ತೊಟ್ಟಿನಿಂದ ಕಣ್ಣಿನಲ್ಲಿ ಪೊರೆಯೂ ಬೆಳೆಯಬಹುದು. ಪೊರೆಯನ್ನಾದರೂ ಶಸ್ತ್ರಕ್ರಿಯೆ ಮಾಡಿ ತೆಗೆಯಬಹುದು. ಗ್ಲಾಕೋಮಾದಲ್ಲಿ ಹೋದ ನೋಟ ಮರಳಿ ಬರುವುದಿಲ್ಲ.

ಅದಕ್ಕೇ ಕಣ್ಣಿನ ಸೀಸೆಯ ಮೇಲಿನ ಹೆಸರನ್ನು ಮನೆಯಲ್ಲಿ ಓದು ಬಲ್ಲವರಿಂದ ಓದಿಸಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಹೀಗೆ ಕೊನೆಯಲ್ಲಿ ‘ಸೋನ್’ ‘ಸೋಲೋನ್’ ಎಂದು ಬಂದರೆ ಅದು ಸ್ಟೀರಾಯ್ಡ್. ಆಂಟಿಬಯೋಟಿಕ್ ಜೊತೆ ಸೇರಿಸಿ ಮಾರುವುದೂ ಉಂಟು, ಆದ್ದರಿಂದ ಹೆಸರು ಎರಡಿದ್ದರೆ ಎರಡನ್ನೂ ಓದಬೇಕು. ಈ ಔಷಧ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಣ್ಣಿನ ಡಾಕ್ಟರು ಒತ್ತಡ ಅಳೆಯುತ್ತಾ ಇಷ್ಟೇ ದಿನವೆಂದು ಕೊಟ್ಟಾಗ ಅದು ಕಣ್ಣನ್ನು ಉಳಿಸುತ್ತದೆ. ತಾನಾಗಿ ತಂದು ಹಾಕಿದರೆ ಕಣ್ಣನ್ನು ಕಳೆಯುತ್ತದೆ. ಈಗಾಗಲೇ ಬಹಳ ದಿನದಿಂದ ಹಾಕುತ್ತಿದ್ದರೆ, ಸೀಸೆ ಸಮೇತ ಮಗುವನ್ನು ಕಣ್ಣಾಸ್ಪತ್ರೆಗೆ ಈ ವಾರವೇ ಕರೆದುಕೊಂಡು ಹೋಗಿ ಒತ್ತಡ ನೋಡಿಸಿ.

ಹೊಲದಲ್ಲಿ ಕೆಲಸ ಮಾಡುವವರಿಗೆ ಇನ್ನೂ ಒಂದು ಮಾತುಂಟು. ಕೆಂಪಾದ ಕಣ್ಣೆಲ್ಲ ಅಲರ್ಜಿಯಲ್ಲ. ಅಲರ್ಜಿಯಾದರೆ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ, ನವೆಯೇ ಮುಖ್ಯ, ನೀರು ತಿಳಿಯಾಗಿರುತ್ತದೆ, ನೋಟ ಸರಿಯಾಗಿರುತ್ತದೆ. ಬೆಳಿಗ್ಗೆ ರೆಪ್ಪೆ ಅಂಟಿಕೊಂಡು ಕೀವಿನಂಥ ಪಿಸುರು ಬಂದರೆ ಅದು ಮದ್ರಾಸ್ ಕಣ್ಣಿನಂಥ ಅಂಟುರೋಗವಿರಬಹುದು. ಆದರೆ ಭತ್ತದ ಹೊಟ್ಟೋ ಕಬ್ಬಿನ ಗರಿಯೋ ಜೋಳದ ಸೋಗೆಯೋ ತಾಗಿ, ಒಂದೇ ಕಣ್ಣು ನೋವಿನಿಂದ ಕೆಂಪಾಗಿ, ಬೆಳಕು ನೋಡಲಾಗದೆ, ನೋಟ ಮಂಜಾದರೆ, ಅದು ಕಪ್ಪುಗುಡ್ಡೆಯ ಮೇಲಿನ ಹುಣ್ಣು. ಗಿಡದ ಚೂರಿನಿಂದ ಆದ ಹುಣ್ಣಿಗೆ ಬೂಷ್ಟು ಹತ್ತುವುದು ಸಾಮಾನ್ಯ. ಅದಕ್ಕೆ ಸ್ಟೀರಾಯ್ಡ್ ತೊಟ್ಟು ಹಾಕಿದರೆ ಬೆಂಕಿಗೆ ಎಣ್ಣೆ ಹೊಯ್ದಂತೆ. ಹಾಗೆಯೇ ನಾಲಗೆಯಿಂದ ಕಸ ತೆಗೆಸುವುದು, ಎದೆಹಾಲು ಹಿಂಡುವುದು, ಹರಳೆಣ್ಣೆ, ಜೇನು, ಎಲೆಯ ರಸ ಬಿಡುವುದು, ಇವೆಲ್ಲ ಹಿಂದಿನವರು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದರು, ಆದರೆ ಬೇಡ. ಶುದ್ಧ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೊರಡಿ.

ತೊಟ್ಟು ಹಾಕುವ ಕ್ರಮವನ್ನು ಹೇಳಿಬಿಡುತ್ತೇನೆ. ಬಹಳ ಜನರ ಔಷಧ ಕೆನ್ನೆಯ ಮೇಲೆಯೇ ಹರಿದುಹೋಗುತ್ತದೆ. ಮೊದಲು ಸಾಬೂನಿನಲ್ಲಿ ಕೈ ತೊಳೆಯಿರಿ, ಅದರಲ್ಲೂ ಮೆಣಸಿನಕಾಯಿ ಬಿಡಿಸಿದ ಕೈ, ಔಷಧಿ ಹೊಡೆದ ಕೈ. ಚಾಪೆಯ ಮೇಲೆ ಮಲಗಿದರೆ ಸುಲಭ. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೆ ಎಳೆದರೆ ಸಣ್ಣ ಜೇಬಿನ ಹಾಗೆ ಆಗುತ್ತದೆ. ಮೇಲೆ ನೋಡುತ್ತಾ ಆ ಜೇಬಿನೊಳಕ್ಕೆ ಒಂದು ತೊಟ್ಟು ಬಿಡಿ. ಸೀಸೆಯ ತುದಿ ರೆಪ್ಪೆಗೂ ಬೆರಳಿಗೂ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿಯಿರಿ, ಔಷಧ ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ನಿಲ್ಲುತ್ತದೆ. ಬೇರೊಂದು ಔಷಧ ಹಾಕುವುದಿದ್ದರೆ ಐದು ನಿಮಿಷ ಬಿಟ್ಟು ಹಾಕಿ. ಕೊಸರಾಡುವ ಮಗುವಾದರೆ ಕಣ್ಣು ಮುಚ್ಚಿಸಿ ಮಲಗಿಸಿ, ಒಳಮೂಲೆಯ ಮೇಲೆ ತೊಟ್ಟು ಬಿಟ್ಟು ಕಣ್ಣು ತೆರೆ ಎನ್ನಿ; ತಾನಾಗಿ ಒಳಗೆ ಹೋಗುತ್ತದೆ.

ಒಂದು ಸೀಸೆ ಒಬ್ಬರಿಗೇ. ಅಪ್ಪನಿಗೂ ಮಗನಿಗೂ ಇಬ್ಬರಿಗೂ ಅಲರ್ಜಿಯಾದರೂ ಸೀಸೆ ಎರಡು. ಬಿಸಿಲು ತಾಗದ ಗೂಡಿನಲ್ಲಿ, ನೀರಿನ ಗಡಿಗೆಯ ಬದಿಯ ತಂಪಿನಲ್ಲಿ ಇಡಿ.

ತೊಟ್ಟೊಂದನ್ನೇ ನಂಬಿ ಧೂಳಿನಲ್ಲಿ ಮುಳುಗಿದರೆ ಸಾಲದು. ಒಕ್ಕಣೆಯ ದಿನ ಮೂಗುಬಾಯಿಗೆ ಎರಡು ಮಡಿಕೆಯ ಒದ್ದೆ ಬಟ್ಟೆ, ಕಣ್ಣಿಗೆ ಪಕ್ಕ ಮುಚ್ಚಿದ ಕನ್ನಡಕ ಇರಲಿ. ಮನೆಗೆ ಬಂದವರೇ ತಲೆ ಸಮೇತ ಸ್ನಾನ ಮಾಡಿ. ತಲೆಗೂದಲಿನ ಹೂಹುಡಿ ರಾತ್ರಿಯೆಲ್ಲ ದಿಂಬಿನ ಮೇಲೆ ಇರುತ್ತದೆ. ನವೆಯಾದಾಗ ಉಜ್ಜದೆ, ಮುಚ್ಚಿದ ಕಣ್ಣಿನ ಮೇಲೆ ತಣ್ಣೀರಿನ ಬಟ್ಟೆ ಇಡಿ. ಮೂಗು ತೊಳೆಯಲು ಅರ್ಧ ಲೀಟರು ನೀರನ್ನು ಕುದಿಸಿ ಆರಿಸಿ ಒಂದು ಟೀ ಚಮಚ ಉಪ್ಪು ಹಾಕಿದರೆ ಆಯಿತು. ಕುದಿಸದ ನೀರನ್ನು ಮೂಗಿಗೆ ಏರಿಸಬೇಡಿ. ಸೀನಿಗೆಂದು ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಮಾತ್ರೆ ನುಂಗಿದರೆ ಜೋಂಪು ಹತ್ತುತ್ತದೆ. ಅದನ್ನು ನುಂಗಿ ಒಕ್ಕುವ ಯಂತ್ರಕ್ಕೆ ತೆನೆ ಕೊಡುವುದಾಗಲಿ, ಟ್ರಾಕ್ಟರು ನಡೆಸುವುದಾಗಲಿ ಕೂಡದು. ಸೀನಿನ ಜೊತೆ ಎದೆ ಸುಯ್‌ಗುಟ್ಟಿ ಉಸಿರು ಹಿಡಿದರೆ ಅದು ಉಬ್ಬಸ. ತೊಟ್ಟಿನ ಕೆಲಸವಲ್ಲ, ಡಾಕ್ಟರ ಕೆಲಸ.

ಕಳೆಯನ್ನು ಹೂವಾಗುವ ಮುಂಚೆ, ನೆಲ ಹಸಿಯಿರುವಾಗ ಬೇರು ಸಮೇತ ಕೀಳಬೇಕು. ಮುಟ್ಟಿದರೆ ಚರ್ಮಕ್ಕೂ ತುರಿಕೆ ಹತ್ತಿಸುವ ಗಿಡವಾದ್ದರಿಂದ ಕೈಚೀಲ ಹಾಕಿಕೊಳ್ಳಿ. ಅಲರ್ಜಿ ಇದ್ದವರನ್ನು ಈ ಕೆಲಸಕ್ಕೆ ಹಚ್ಚಬೇಡಿ. ಈ ಗಿಡ ತಿನ್ನುವ ಜೀರುಂಡೆಯೊಂದನ್ನು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದು, 1984ರಲ್ಲಿ ಬಯಲಿಗೆ ಬಿಟ್ಟರು. ಕಾಂಗ್ರೆಸ್ ಕಳೆಯ ಮೇಲೆ ಕಂದುಗೆರೆಯ ಸಣ್ಣ ಜೀರುಂಡೆ ಕಂಡರೆ ಕೊಲ್ಲಬೇಡಿ, ಅದು ನಮ್ಮ ಕಡೆಯದು.

ಕೊನೆಗೆ ಲೆಕ್ಕದ ಮಾತು. 5 ಮಿಲಿಲೀಟರಿನ ಸೀಸೆಯಲ್ಲಿ ಸುಮಾರು 100 ತೊಟ್ಟು. ಎರಡು ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಒಂದೊಂದು ತೊಟ್ಟು ಹಾಕಿದರೆ ಹನ್ನೆರಡು ದಿನಕ್ಕೆ ಸರಿಹೋಗುತ್ತದೆ. ಮುಗಿಯುವ ಎರಡು ದಿನ ಮುಂಚೆಯೇ ಇನ್ನೊಂದು ತರಿಸಿಟ್ಟುಕೊಳ್ಳಿ, ನಡುವೆ ನಿಂತರೆ ಹೊಲಿಗೆ ಸಡಿಲವಾಗುತ್ತದೆ. ದಿನಕ್ಕೆ ಎರಡೇ ಸಲ ಹಾಕುವ ತೊಟ್ಟಾದರೆ ಸೀಸೆ ಬೇಗ ಖಾಲಿಯಾಗುವುದಿಲ್ಲ. ಆದರೂ ತೆರೆದು ನಾಲ್ಕು ವಾರವಾದರೆ ಉಳಿದದ್ದನ್ನು ಚೆಲ್ಲಿ. ತೆರೆದ ತಾರೀಖನ್ನು ಸೀಸೆಯ ಮೇಲೆ ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮಗಳಿಗೆ ವಹಿಸಿ. ಮಗನ ಮಧ್ಯಾಹ್ನದ ತೊಟ್ಟಿನ ವಿಷಯ ಮೇಷ್ಟರಿಗೆ ಒಂದು ಮಾತು ಹೇಳಿ ಬನ್ನಿ.